ಮಾರ್ಫಿನ್ ರೋಗಿಯ ಮೂತ್ರ ಪರೀಕ್ಷೆ: ಲೋಹಾರಾ ಗಡಿಭಾಗದಿಂದ ಒಂದು ವಿಚಾರ

ಮಹಾರಾಷ್ಟ್ರದ ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕ್ಯಾನ್ಸರ್ ರೋಗಿ ದೊಡ್ಡ ಆಸ್ಪತ್ರೆ ಬೇಕೆಂದರೆ ಬಾರ್ಶಿ, ಸೋಲಾಪುರ, ಲಾತೂರಿಗೆ ಹೋಗಬೇಕು. ಗಡಿ ದಾಟಿದರೆ ಬೀದರ್, ಕಲಬುರಗಿ. ಅಂಥವರ ಕೈಗೆ ಮಾರ್ಫಿನ್ ಬಹುಕಾಲ ಎಟುಕಲೇ ಇಲ್ಲ. 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಆಸ್ಪತ್ರೆಗಳೂ ಅಂಗಡಿಗಳೂ ಅದನ್ನು ಇಡುವುದನ್ನೇ ಬಿಟ್ಟವು. 1997ರ ವೇಳೆಗೆ ಇಡೀ ದೇಶದ ವೈದ್ಯಕೀಯ ಬಳಕೆ ವರ್ಷಕ್ಕೆ ಸುಮಾರು 18 ಕಿಲೋಗೆ ಇಳಿದಿತ್ತು. 2014ರ ತಿದ್ದುಪಡಿ ಮತ್ತು 2015ರ ನಿಯಮಗಳು ರಾಜ್ಯಕ್ಕೊಂದು ಪರವಾನಗಿಯ ಗೋಜಲನ್ನು ಸಡಿಲಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ತೆರೆದವು. ಇಷ್ಟು ಕಷ್ಟಪಟ್ಟು ತೆರೆದ ಬಾಗಿಲಿಗೆ ಮೂತ್ರ ಪರೀಕ್ಷೆಯ ಸ್ಟ್ರಿಪ್ಪನ್ನು ಹೊಸ ಬೀಗವಾಗಿ ಹಾಕಬಾರದು ಎಂಬುದು ನನ್ನ ವಾದ.

ಕಾರಣ ಸ್ಟ್ರಿಪ್ಪಿನ ಸ್ವಭಾವದಲ್ಲೇ ಇದೆ. ಸಾಮಾನ್ಯ ಒಪಿಯೇಟ್ ಸ್ಟ್ರಿಪ್ ಗುರುತಿಸುವುದು ಮುಖ್ಯವಾಗಿ ಮಾರ್ಫಿನ್, ಕೊಡೀನ್‌ಗಳನ್ನು. ನೋವಿಗೆಂದು ಊರೂರಲ್ಲಿ ಬರೆದುಕೊಡುವ ಟ್ರಮಡಾಲ್ ಅದರ ಕಣ್ಣಿಗೆ ಬೀಳುವುದಿಲ್ಲ. ಫೆಂಟನಿಲ್ ಕೂಡ ಹಾಗೆಯೇ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಕಾಯ್ದೆಯ ವ್ಯಾಪ್ತಿಗೆ ತಂದದ್ದೇ ದುರ್ಬಳಕೆ ತಡೆಯಲೆಂದು. ಆದರೂ ಸ್ಟ್ರಿಪ್ಪಿಗೆ ಅದು ಕಾಣದು. ಕಾಣುವುದಾದರೂ ಏನು? ದೀಪಾವಳಿಗೆ ಈ ಭಾಗದ ಮನೆಗಳಲ್ಲಿ ಅನಾರಸದ ಒಂದು ಮೈಗೆ ಗಸಗಸೆ ಒತ್ತಿ ಕರಿಯುತ್ತಾರೆ. ಗಸಗಸೆಯಲ್ಲಿ ಮಾರ್ಫಿನ್‌ನ ಅಂಶ ಉಳಿದಿರುತ್ತದೆ. ಸಾಕಷ್ಟು ತಿಂದವರ ಮೂತ್ರದಲ್ಲಿ ಅದು ಸಿಗುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಸರ್ಕಾರಿ ನೌಕರರ ಪರೀಕ್ಷೆಯಲ್ಲಿ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಮ್‌ನಿಂದ 2000ಕ್ಕೆ ಏರಿಸಿದರು. ಇಂದಿಗೂ ಅನೇಕ ಕಿಟ್‌ಗಳ ಮಿತಿ ಆ ಹಳೆಯ 300. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಲೆವೊಫ್ಲಾಕ್ಸಾಸಿನ್ ಕೂಡ ಕೆಲವು ಪರೀಕ್ಷೆಗಳಲ್ಲಿ ಸುಳ್ಳು ಪಾಸಿಟಿವ್ ತೋರಿಸುತ್ತವೆ. ಕೆಮ್ಮಿನ ಸಿರಪ್ಪಿನ ಕೊಡೀನ್ ದೇಹದೊಳಗೆ ಮಾರ್ಫಿನ್ ಆಗಿಬಿಡುತ್ತದೆ. ಇನ್ನು ಮಾರ್ಫಿನ್ನನ್ನೇ ಬರೆದುಕೊಟ್ಟ ರೋಗಿಯಲ್ಲಿ ಪಾಸಿಟಿವ್ ಬಂದರೆ ಗುಳಿಗೆ ಹೊಟ್ಟೆಗೆ ಹೋಗಿರಬಹುದು ಎಂದಷ್ಟೇ ತಿಳಿಯುತ್ತದೆ. ಎಷ್ಟು, ಯಾವ ಹೊತ್ತಿಗೆ ಎಂಬುದು ತಿಳಿಯುವುದಿಲ್ಲ.

ಪರೀಕ್ಷೆಯಿಲ್ಲದಿದ್ದರೆ ಗುಳಿಗೆ ಮಾರಾಟಕ್ಕೆ ಹೋಗುತ್ತದೆ, ವೈದ್ಯರ ತಲೆಗೆ ಬರುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಮಾದಕ ವ್ಯಸನದ ನೋವನ್ನು ಕಂಡ ಮನೆಗಳು ಇಲ್ಲಿಯೂ ಇವೆ. ಆದರೆ ಗುಳಿಗೆ ಸೇವಿಸದ ರೋಗಿಯ ನೆಗೆಟಿವ್ ಫಲಿತಾಂಶಕ್ಕೆ ಮಾರಾಟವೊಂದೇ ಕಾರಣವಲ್ಲ: ಬಸ್ ತಪ್ಪಿ ಗುಳಿಗೆ ಮುಗಿದಿರಬಹುದು, ವಾಂತಿಯಾಗಿರಬಹುದು, ಮಲಬದ್ಧತೆಗೆ ಹೆದರಿ ತಾನೇ ಬಿಟ್ಟಿರಬಹುದು. ಎರಡು ಮೂರು ದಿನ ತಪ್ಪಿದರೆ ಸಾಕು, ಮಾರ್ಫಿನ್ ಮೂತ್ರದಲ್ಲಿ ಕಾಣದಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ಮೂತ್ರ ಪರೀಕ್ಷೆಗೆ ಒತ್ತು ಕೊಟ್ಟದ್ದು ದೀರ್ಘಕಾಲದ ನೋವಿನ ರೋಗಿಗಳಿಗೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನೂ ಉಪಶಾಮಕ ಆರೈಕೆಯವರನ್ನೂ ಹೊರಗಿಟ್ಟಿತ್ತು. 2022ರಲ್ಲಿ ಅದೇ ಸಂಸ್ಥೆ, ಫಲಿತಾಂಶವನ್ನು ಶಿಕ್ಷೆಗೆ ಬಳಸಬಾರದು ಎಂದು ಸ್ಪಷ್ಟಪಡಿಸಿತು. ಅಲ್ಲಿ ಔಷಧ ಉಕ್ಕಿ ಹರಿದದ್ದಕ್ಕೆ ಹುಟ್ಟಿದ ಕಾವಲು ಇದು. ಬರಗಾಲದ ಊರಿಗೆ ಹಾಗೆಯೇ ತರುವುದು ಅನ್ಯಾಯ.

ಅನುಮಾನಕ್ಕೆ ಬಲವಾದ ಕಾರಣವಿದ್ದಾಗ ಪರೀಕ್ಷೆ ಮಾಡಲಿ. ಅದಕ್ಕೆ ಮೊದಲು ಏನೇನು ತಿಂದಿರಿ, ಬೇರೆ ಯಾವ ಗುಳಿಗೆ ನುಂಗಿದಿರಿ ಎಂದು ಕೇಳಬೇಕು. ಮರಾಠಿ ತಡವರಿಸುವ ಅಜ್ಜಿಯನ್ನು ಕನ್ನಡದಲ್ಲೇ ಕೇಳಿ, ಅವರ ಒಪ್ಪಿಗೆಯನ್ನೂ ಕನ್ನಡದಲ್ಲೇ ಪಡೆಯಬೇಕು. ಅನಿರೀಕ್ಷಿತ ಫಲಿತಾಂಶ ಬಂದರೆ ಮಾದರಿ ಮಾಸ್ ಸ್ಪೆಕ್ಟ್ರೋಮೆಟ್ರಿ ಇರುವ ಪ್ರಯೋಗಾಲಯಕ್ಕೆ ಹೋಗಬೇಕು. ವರದಿ ಬರುವ ತನಕ ಮಾರ್ಫಿನ್ ನಿಲ್ಲಿಸಬಾರದು. ನಿಲ್ಲಿಸಿದರೆ ನೋವಿನ ಮೇಲೆ ಬೆವರು, ಭೇದಿ, ನಿದ್ದೆಗೇಡು ಸೇರಿಕೊಳ್ಳುತ್ತವೆ.