ಮೂಡಲ ಬಾಗಿಲಿಗೆ ಬರುವ ಹಕ್ಕಿ

ಮುಳಬಾಗಿಲೆಂದರೆ ಮೂಡಲ ಬಾಗಿಲು. ಊರಹೆಸರಿನ ವ್ಯುತ್ಪತ್ತಿ ಸಿಕ್ಕರೆ ನನ್ನಂಥ ಕನ್ನಡ ಮೇಷ್ಟರಿಗೆ ಊಟವೇ ಬೇಡ. ಆದರೆ ಚಳಿಗಾಲದಲ್ಲಿ ಇಲ್ಲಿಯ ಹುಣಿಸೆಮರಗಳಿಗೆ ಬಂದಿಳಿಯುವ ಹಸಿರು ಉಲಿಯಕ್ಕಿಯೆಂಬ ಪುಟ್ಟ ಹಕ್ಕಿ ಊರಿಗಿಂತ ಬಹಳ ಹಳೆಯ ಚರಿತ್ರೆಯನ್ನು ಹೊತ್ತು ತರುತ್ತದೆ.

ಇದರ ತವರು ಹಿಮಾಲಯವೆಂದು ಊಹೆ. ಮರವಿಲ್ಲದ ಟಿಬೆಟ್ಟಿನ ಪ್ರಸ್ಥಭೂಮಿಯನ್ನು ಬಳಸಿಕೊಂಡು ಒಂದು ಬಳಗ ಪಶ್ಚಿಮದಿಂದ, ಇನ್ನೊಂದು ಪೂರ್ವದಿಂದ ಬಡಗಣಕ್ಕೆ ಹಬ್ಬಿ, ಎರಡೂ ಸೈಬೀರಿಯದಲ್ಲಿ ಮತ್ತೆ ಎದುರಾದುವು. ಅಷ್ಟರಲ್ಲಿ ಹಾಡು ಬೇರೆಯಾಗಿತ್ತು; ಒಂದಕ್ಕೆ ರೆಕ್ಕೆಯ ಮೇಲೆ ಒಂದು ಪಟ್ಟೆ, ಇನ್ನೊಂದಕ್ಕೆ ಎರಡು. ದಾಯಾದಿಗಳು ಸಂಬಂಧ ಬೆಳೆಸಲಿಲ್ಲ. 1938ರಲ್ಲಿ ಕ್ಲಾಡ್ ಟೈಸ್‌ಹರ್ಸ್ಟ್ ಈ ಉಂಗುರವನ್ನು ಗುರುತಿಸಿದರು.

ನೆರೆಯ ಬಳಗಗಳು ಕೂಡುತ್ತಿರುವವರೆಗೆ, ಕೋಲಾರ ಸೀಮೆಯ ಕೆರೆಸಾಲಿನಲ್ಲಿ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ, ವಂಶವಾಹಿಗಳು ಹರಿದು ಭೇದಗಳನ್ನು ಕಲಸಿಬಿಡುತ್ತವೆ. ಹೊಸ ಪ್ರಭೇದ ಹುಟ್ಟುವುದು ಕಷ್ಟ. ಈ ಉಂಗುರದಲ್ಲಾದರೋ ಕೋಡಿ ಎಲ್ಲಿಯೂ ನಿಲ್ಲದೆಯೇ ತುದಿಗಳೆರಡೂ ಪರಕೀಯವಾದುವೆಂದು ಬಹುಕಾಲ ನಂಬಿಕೆಯಿತ್ತು. ಊರಿನಿಂದೂರಿಗೆ ಬದಲಾಗುವ ಆಡುನುಡಿಗೆ ಹೋಲಿಸಿ ನಾನೂ ತರಗತಿಯಲ್ಲಿ ಹಾಗೆಯೇ ಪಾಠ ಹೇಳಿದವನು.

ಅದನ್ನೀಗ ತಿದ್ದಬೇಕಾಗಿದೆ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ವಂಶವಾಹಿಗಳ ಪರೀಕ್ಷೆಯಲ್ಲಿ, ಸರಪಳಿ ಹಿಂದೆ ಕೆಲವೆಡೆ ಕಡಿದುಹೋಗಿದ್ದುದು ಕಂಡಿತು. ಭೇದ ಬಲಿತದ್ದು ಆ ಬಿರುಕುಗಳಲ್ಲಿ. ಸೋಜಿಗವೆಂದರೆ, ಪೂರ್ತಿ ಬೇರೆಯಾದುವೆಂದುಕೊಂಡಿದ್ದ ಸೈಬೀರಿಯದ ತುದಿಗಳ ನಡುವೆಯೇ ಅಷ್ಟಿಷ್ಟು ಬೆರಕೆ ನಡೆದಿತ್ತು! ಬೇಲಿಯೂ ಪೂರ್ತಿಯಲ್ಲ, ಹರಿವೂ ಪೂರ್ತಿಯಲ್ಲ.

ನಮ್ಮ ಹುಣಿಸೆಮರಕ್ಕೆ ಬರುವುದು ಪಶ್ಚಿಮದ ಬಳಗ. ಸೈಬೀರಿಯದ ಪೂರ್ವದ ಬಳಗ ಆಗ್ನೇಯ ಏಷ್ಯದ ಕಡೆಗೆ ಹೋಗುತ್ತದೆ. ಚಳಿಗಾಲದಲ್ಲಿಯೂ ಅವಕ್ಕೆ ಬಹುಮಟ್ಟಿಗೆ ಮುಖಾಮುಖಿಯಿಲ್ಲ.