ಅಡಿಕೆ ಕಳ್ಳ, ಆನೆ ಕಳ್ಳ



1929ರ ಮಹಾ ಆರ್ಥಿಕ ಕುಸಿತದ ಪಾಠ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಶೇರುಪೇಟೆ ಕುಸಿಯಿತು, ಬ್ಯಾಂಕುಗಳು ಮುಚ್ಚಿದವು, 1933ರ ವೇಳೆಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ನಿರುದ್ಯೋಗಿಗಳಾದರು. ಇಷ್ಟನ್ನು ಕಪ್ಪುಹಲಗೆಯ ಮೇಲೆ ‘ಕಾರಣಗಳು’, ‘ಪರಿಣಾಮಗಳು’ ಎಂದು ಎರಡು ಭಾಗ ಮಾಡಿ ಬರೆದು ಪಾಠ ಮುಗಿಸುತ್ತಿದ್ದೆ. ಆ ದಿನಗಳಲ್ಲಿ ಜನರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ನನಗೆ ತಿಳಿಸಿದ್ದು, ನಿವೃತ್ತಿಯ ನಂತರ ನೋಡಿದ ಒಂದು ಹಾಲಿವುಡ್ ಹಾಸ್ಯಚಿತ್ರ: 1932ರಲ್ಲಿ ತೆರೆಕಂಡ ‘ಟ್ರಬಲ್ ಇನ್ ಪ್ಯಾರಡೈಸ್’.

ನಿರ್ದೇಶಕ ಅರ್ನ್ಸ್ಟ್ ಲುಬಿಚ್ 1892ರಲ್ಲಿ ಬರ್ಲಿನ್ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದವನು. 1922ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯೇ ನೆಲೆಸಿದ. ಹಂಗೇರಿಯ ಅಲಾದಾರ್ ಲಾಸ್ಲೋ ಬರೆದ ನಾಟಕವೊಂದನ್ನು ಆಧರಿಸಿ ಸ್ಯಾಮ್ಸನ್ ರಾಫೆಲ್ಸನ್ ಚಿತ್ರಕಥೆ ಹೆಣೆದ.

ಚಿತ್ರ ವೆನಿಸ್ ನಗರದಲ್ಲಿ ಆರಂಭವಾಗುತ್ತದೆ. ಮೊದಲು ಕಾಣುವುದು ಅರಮನೆಯಲ್ಲ, ಚಂದ್ರನಲ್ಲ. ಮನೆಗಳ ಕಸವನ್ನು ದೋಣಿಗೆ ಸುರಿದು ಹಾಡುತ್ತಾ ಸಾಗುವ ಕಸದವನು. ಬಳಿಕ ಹೋಟೆಲಿನಲ್ಲಿ ‘ಬ್ಯಾರನ್’ ಗಾಸ್ತೋನನೂ ‘ಕೌಂಟೆಸ್’ ಲಿಲಿಯೂ ಊಟಕ್ಕೆ ಕೂಡುತ್ತಾರೆ. ಇಬ್ಬರೂ ವೇಷಧಾರಿಗಳು, ಇಬ್ಬರೂ ಕಳ್ಳರು. ಅವಳು ಅವನ ಹಣದ ಚೀಲ ಎಗರಿಸಿದ್ದಾಳೆ. ಅವನು ಅವಳ ಎದೆಯ ಪಿನ್ನನ್ನು ಕದ್ದಿದ್ದಾನೆ. ಗಡಿಯಾರವನ್ನು ಹಿಂದಿರುಗಿಸುವಾಗ ಅದು ಐದು ನಿಮಿಷ ಹಿಂದಿತ್ತು, ಸರಿಪಡಿಸಿದ್ದೇನೆ ಎಂದು ಅವಳು ತಿಳಿಸುತ್ತಾಳೆ! ಪರಸ್ಪರರ ಕೈಚಳಕಕ್ಕೆ ಮೆಚ್ಚಿ ಇಬ್ಬರೂ ಪ್ರೇಮಿಗಳಾಗುತ್ತಾರೆ.

ಮುಂದಿನ ಕಥೆ ಪ್ಯಾರಿಸ್ಸಿನದು. ಸುಗಂಧದ್ರವ್ಯ ಸಂಸ್ಥೆಯೊಂದರ ಒಡತಿ, ವಿಧವೆ ಮದಾಂ ಕೊಲೆ. ಆಕೆಯ ರತ್ನಖಚಿತ ಕೈಚೀಲದ ಬೆಲೆಯೇ 1,25,000 ಫ್ರಾಂಕ್. ಅದನ್ನು ಕದ್ದ ಗಾಸ್ತೋನನೇ, ಪತ್ರಿಕೆಯಲ್ಲಿ 20,000 ಫ್ರಾಂಕ್ ಬಹುಮಾನದ ಪ್ರಕಟಣೆ ಕಂಡು ಪ್ರಾಮಾಣಿಕನಂತೆ ತಂದೊಪ್ಪಿಸಿ, ಆಕೆಯ ಆಪ್ತ ಕಾರ್ಯದರ್ಶಿಯಾಗುತ್ತಾನೆ. ಕಣ್ಣು ಮನೆಯ ತಿಜೋರಿಯ ಮೇಲೆ. ಮನಸ್ಸು ಮಾತ್ರ ಒಡತಿಯತ್ತ ವಾಲುತ್ತದೆ.

ಲೆಕ್ಕಪತ್ರ ನೋಡುವಾಗ ಅವನಿಗೊಂದು ಸಂಗತಿ ತಿಳಿಯುತ್ತದೆ. ಆಡಳಿತ ಮಂಡಳಿಯ ಹಿರಿಯ, ಆ ಮನೆತನದ ನಂಬಿಕಸ್ಥ ಜಿರೋನ್, ವರ್ಷಗಳಿಂದ ಸಂಸ್ಥೆಯ ಹಣ ನುಂಗುತ್ತಿದ್ದಾನೆ. ಈ ವಿಷಯ ಕೇಳಿದ ಒಡತಿ, ಪೊಲೀಸರಿಗೆ ಹೇಳಿದರೆ ಮರ್ಯಾದಸ್ಥರ ನಡುವೆ ಹಗರಣವಾದೀತೆಂದು ಹಿಂಜರಿಯುತ್ತಾಳೆ. ಆಗ ಗಾಸ್ತೋನ್ ಕಹಿಯಾಗಿ ಆಡುವ ಮಾತಿನ ತಾತ್ಪರ್ಯವಿಷ್ಟು: ದೊಡ್ಡವರ ಪಟ್ಟಿಯಲ್ಲಿ ಹೆಸರಿದ್ದರೆ ಸೆರೆಮನೆಯಿಲ್ಲ, ಕೆಳಗಿನಿಂದ ಸ್ವಪ್ರಯತ್ನದಿಂದ ಮೇಲೆ ಬಂದ ಕಳ್ಳನಿಗೆ ಮಾತ್ರ ಪೊಲೀಸರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಆನೆಯನ್ನೇ ಕದ್ದವನ ಮಾನ ಏಕೆ ಹೋಗುವುದಿಲ್ಲ ಎಂಬುದು ಈ ಚಿತ್ರದ ಪ್ರಶ್ನೆ.

ಇದು ಬರಿಯ ಕಲ್ಪನೆಯ ಪ್ರಶ್ನೆಯಾಗಿರಲಿಲ್ಲ. ಅದೇ 1932ರ ಮಾರ್ಚ್ 12ರಂದು, ‘ಬೆಂಕಿಕಡ್ಡಿಯ ದೊರೆ’ ಎನಿಸಿದ್ದ ಸ್ವೀಡನ್ನಿನ ಇವಾರ್ ಕ್ರೂಗರ್ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿದ್ದ. ಸರ್ಕಾರಗಳಿಗೇ ಸಾಲ ಕೊಟ್ಟಿದ್ದ ಅವನ ಬಳಿ ಇಟಲಿ ಸರ್ಕಾರದ ಖೋಟಾ ಬಾಂಡುಗಳಿದ್ದವೆಂಬುದು ಆಮೇಲೆ ಬಯಲಾಯಿತು. ಅಮೆರಿಕದಲ್ಲಿ ವಿದ್ಯುತ್ ಉದ್ಯಮದ ಸ್ಯಾಮ್ಯುಯಲ್ ಇನ್ಸಲ್ಲನ ಸಾಮ್ರಾಜ್ಯ ಅದೇ ವರ್ಷ ಕುಸಿದು, ಅವನು ಯುರೋಪಿಗೆ ತೆರಳಿದ. 1934ರಲ್ಲಿ ವಿಚಾರಣೆಗೊಳಗಾಗಿ ನಿರ್ದೋಷಿಯೆನಿಸಿದ. ಅವನನ್ನು ನಂಬಿ ಶೇರು ಕೊಂಡಿದ್ದ ಸಾಮಾನ್ಯರ ಉಳಿತಾಯ ಮರಳಲಿಲ್ಲ. ಚಿತ್ರ ನಿರ್ಮಿಸಿದ ಪ್ಯಾರಮೌಂಟ್ ಸಂಸ್ಥೆಯೇ 1933ರಲ್ಲಿ ದಿವಾಳಿಯ ಪ್ರಕ್ರಿಯೆಗೆ ಸಿಲುಕಿತು. ಅಂದಿನ ಪ್ರೇಕ್ಷಕರು ಜಿರೋನನನ್ನು ಕಂಡಾಗ ಯಾರನ್ನು ನೆನೆದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಹಾಲಿವುಡ್ 1930ರಲ್ಲಿಯೇ ತನಗೊಂದು ನೀತಿಸಂಹಿತೆ ರೂಪಿಸಿಕೊಂಡಿತ್ತು. 1934ರ ಜುಲೈನಿಂದ ಜೋಸೆಫ್ ಬ್ರೀನ್ ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದ. ಅಪರಾಧವು ಆಕರ್ಷಕವಾಗಿ ಕಾಣಬಾರದು, ಅಪರಾಧಿಗೆ ಶಿಕ್ಷೆಯಾಗಲೇಬೇಕು. ಇಲ್ಲಿಯಾದರೋ ಗಾಸ್ತೋನ್ ಮತ್ತು ಲಿಲಿ ಕೊನೆಯಲ್ಲಿ ಟ್ಯಾಕ್ಸಿಯೊಂದರಲ್ಲಿ ಕುಳಿತು, ಮತ್ತೆ ಒಬ್ಬರದನ್ನೊಬ್ಬರು ಕದಿಯುತ್ತಾ ನಗುನಗುತ್ತಾ ಹೊರಟುಹೋಗುತ್ತಾರೆ! 1935ರಲ್ಲಿ ಪ್ಯಾರಮೌಂಟ್ ಮರುಬಿಡುಗಡೆಗೆ ಅನುಮತಿ ಕೋರಿದಾಗ ನಿರಾಕರಣೆ ಬಂತು. ಹೀಗೆ ಚಿತ್ರ ದಶಕಗಳ ಕಾಲ ಸಾರ್ವಜನಿಕರ ಕಣ್ಣಿಂದ ಮರೆಯಾಯಿತು. ವಿಚಿತ್ರವೆಂದರೆ, ಲುಬಿಚ್ ಅಶ್ಲೀಲವಾದದ್ದೇನನ್ನೂ ತೋರಿಸಿರಲಿಲ್ಲ. ಒಂದು ಇಡೀ ಸಂಜೆಯ ಕಥೆಯನ್ನು ಗಡಿಯಾರಗಳ ಮುಖ ಮತ್ತು ಮರೆಯಲ್ಲಿ ಕೇಳುವ ದನಿಗಳಿಂದಲೇ ಹೇಳಿಬಿಡುತ್ತಾನೆ.

ಲುಬಿಚ್ 1947ರಲ್ಲಿ ತೀರಿಕೊಂಡ. ಆ ಸಂಹಿತೆ 1968ರಲ್ಲಿ ಕೊನೆಗೊಂಡಿತು. 1991ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಕಳವು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಮೇಷ್ಟರು ಹೀಗೆಂದರು ಎಂದು ಯಾರೂ ತಿಳಿಯಬೇಡಿ. ಆದರೆ ಗಾಸ್ತೋನನು ತಾನು ಕಳ್ಳನೆಂಬುದನ್ನು ಒಪ್ಪುತ್ತಾನೆ, ಜಿರೋನನು ಒಪ್ಪುವುದಿಲ್ಲ. ನೀತಿಸಂಹಿತೆಗೆ ಮೊದಲನೆಯವನು ಮಾತ್ರ ಕಣ್ಣಿಗೆ ಬಿದ್ದ. ಅಂಕಿಅಂಶಗಳ ಜೊತೆಗೆ ಈ ಮಾತನ್ನೂ ಅಂದು ಕಪ್ಪುಹಲಗೆಯ ಮೇಲೆ ಬರೆಯಬೇಕಿತ್ತು. ತಡವಾದರೂ ಇಲ್ಲಿ ಬರೆದಿದ್ದೇನೆ. ನಿಮ್ಮ ಹಳೆಯ ಟಿಪ್ಪಣಿಗೆ ಸೇರಿಸಿಕೊಳ್ಳಿ.