ಬಿಡುವಿನ ವೇಳೆಯಲ್ಲಿ ಬರೆದವರು

ಎರಡು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಯೊಂದರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ದ ಹಳೆಯ ಪ್ರತಿಯೊಂದು ಸಿಕ್ಕಿತು. ಯಾವುದೋ ಬಾಡಿಗೆ ಲೈಬ್ರರಿಯ ಪುಸ್ತಕ. ಕೊನೆಯ ಪುಟಕ್ಕೆ ಅಂಟಿಸಿದ್ದ ಚೀಟಿಯ ತುಂಬ ತಾರೀಖಿನ ಮುದ್ರೆಗಳು. ಒಬ್ಬರು ಎರಡು ದಿನ ಇಟ್ಟುಕೊಂಡಿದ್ದರೆ ಇನ್ನೊಬ್ಬರು ಮೂರು ದಿನ. ನಡುವಿನ ಒಂದು ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ ಬರೆದಿದ್ದರು. ಸೋಮವಾರ ಅರ್ಧ ಲೀಟರು, ಮಂಗಳವಾರ ಇಲ್ಲ, ಬುಧವಾರ ಒಂದು.

ಆ ಚೀಟಿಯನ್ನು ನೋಡುತ್ತಾ ನನಗೊಂದು ಪ್ರಶ್ನೆ ಹುಟ್ಟಿತು. ಈ ಕಾದಂಬರಿಯನ್ನು ಓದಿದವರ ಸಮಯಕ್ಕೆ ಇಲ್ಲಿ ದಾಖಲೆಯಿದೆ. ಬರೆದವರ ಸಮಯಕ್ಕೆ ದಾಖಲೆ ಎಲ್ಲಿದೆ?

ನಾನು ಸಂಶೋಧನೆಗೆ ಆರಿಸಿಕೊಂಡಿರುವುದು 1950ರ ದಶಕದಿಂದ 80ರ ದಶಕದವರೆಗೆ ನಮ್ಮ ಲೇಖಕಿಯರು ಬರೆದ ಪ್ರೇಮ ಮತ್ತು ಸಂಸಾರದ ಕಾದಂಬರಿಗಳನ್ನು. ವಿಷಯ ಹೇಳಿದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: “ಅವರೆಲ್ಲ ಬಿಡುವಿನ ವೇಳೆಯಲ್ಲಿ ಬರೆದವರಲ್ಲವೇ?” ಆಡುವವರು ಕೆಟ್ಟದ್ದಾಗಿ ಆಡುವುದಿಲ್ಲ, ಕೆಲವೊಮ್ಮೆ ಮೆಚ್ಚುಗೆಯಿಂದಲೇ ಆಡುತ್ತಾರೆ. ಇದಕ್ಕಿಂತ ಒರಟಾದ ‘ಅಡುಗೆಮನೆ ಸಾಹಿತ್ಯ’ ಎಂಬ ಮಾತೂ ನಮ್ಮಲ್ಲಿ ಬಹಳ ಕಾಲ ಚಲಾವಣೆಯಲ್ಲಿತ್ತು. ಬೆಳಿಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ, ಸಂಜೆ ಮೂರು ವರ್ಷದ ಮಗಳನ್ನು ಮಲಗಿಸಿ, ಆಮೇಲೆ ಪ್ರಬಂಧದ ಕಡತ ಬಿಚ್ಚುವ ನನಗೆ ಈ ‘ಬಿಡುವು’ ಎಂಬ ಪದವೇ ಅನುಮಾನ ತರಿಸುತ್ತದೆ. ಅದು ಯಾರಿಗೆ, ಯಾವಾಗ, ಎಷ್ಟು ಸಿಕ್ಕಿತ್ತು?

ಉತ್ತರ ಹುಡುಕುವಾಗ 1963 ಎಂಬ ಇಸವಿಯ ಹತ್ತಿರ ನಾನು ಮತ್ತೆ ಮತ್ತೆ ನಿಲ್ಲುತ್ತೇನೆ.

ಆ ವರ್ಷದ ಜುಲೈ 29ರಂದು ತ್ರಿವೇಣಿ ತೀರಿಕೊಂಡರು. ಮಗಳು ಹುಟ್ಟಿ ಇನ್ನೂ ಕೆಲವೇ ದಿನಗಳಾಗಿದ್ದವು. ಅವರಿಗೆ 34 ವರ್ಷ. ಅದೇ ವರ್ಷ ‘ತುಂಗಭದ್ರಾ’ ಎಂಬ ಕಾದಂಬರಿ ಪ್ರಕಟವಾಯಿತು. ಬರೆದವರು ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ. ಅದು ಅವರ ಮೊದಲ ಕಾದಂಬರಿ, ಆಗ ಅವರಿಗೆ 46 ವರ್ಷ. ಒಬ್ಬರು ಬರೆದು ಮುಗಿಸಿ ಹೊರಟಾಗ, ಅವರಿಗಿಂತ ಹನ್ನೊಂದು ವರ್ಷ ಹಿರಿಯರಾದ ಇನ್ನೊಬ್ಬರು ಬರೆಯಲು ಕುಳಿತಿದ್ದರು.

ತ್ರಿವೇಣಿಯವರ ಹೆಸರು ಅನಸೂಯಾ ಶಂಕರ್. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಪತಿ ಅದೇ ಊರಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಅಲ್ಲಿಂದ ಸಾಯುವವರೆಗಿನ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿ ಬರೆದರು. ಅಂದರೆ ವರ್ಷಕ್ಕೆ ಎರಡು. ಇದು ಬಿಡುವಿನ ವೇಳೆಯ ಲೆಕ್ಕವಲ್ಲ. ದಿನವೂ ಮೇಜಿನ ಮುಂದೆ ಕೂರುವವರಿಗೂ ಕಷ್ಟವಾದ ದುಡಿಮೆಯ ಲೆಕ್ಕ.

ಎಂ.ಕೆ. ಇಂದಿರಾ ಅವರಿಗೆ ಹನ್ನೆರಡರ ಹೊತ್ತಿಗೇ ಮದುವೆಯಾಗಿತ್ತು. ಶಾಲೆ ಅಲ್ಲಿಗೆ ಮುಗಿಯಿತು, ಓದು ಮನೆಯಲ್ಲಿ ಮುಂದುವರಿಯಿತು. ಕಾದಂಬರಿ ಬರೆಯಲು ಶುರುಮಾಡಿದ್ದು ನಲವತ್ತೈದರ ಸುಮಾರಿಗೆ. ನಡುವಿನ ಮೂವತ್ತು ವರ್ಷಗಳಿಗೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲ. ‘ತಡವಾಗಿ ಬರೆಯಲಾರಂಭಿಸಿದರು’ ಎಂದು ಮುಗಿಸುತ್ತೇವೆ. ಆದರೆ ಬಾಲ್ಯದಲ್ಲಿ ಕಂಡ ಒಬ್ಬ ವಿಧವೆಯ ಬದುಕು ‘ಫಣಿಯಮ್ಮ’ ಎಂಬ ಕಾದಂಬರಿಯಾಗಿ ಹೊರಬಂದದ್ದು 1976ರಲ್ಲಿ. ಅಷ್ಟು ದಶಕ ಒಂದು ಕಥೆಯನ್ನು ಒಳಗಿಟ್ಟುಕೊಂಡು ಬಾಳುವುದನ್ನು ತಡ ಎನ್ನಬೇಕೋ, ಕಾಯುವಿಕೆ ಎನ್ನಬೇಕೋ?

ಮನೆಯೊಂದಿಗೆ ಹೊರಗಿನ ಉದ್ಯೋಗವೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅನುಪಮಾ ನಿರಂಜನರ ಬದುಕನ್ನು ನೋಡಬೇಕು. ಅವರೂ ತೀರ್ಥಹಳ್ಳಿಯವರೇ, 1934ರಲ್ಲಿ ಹುಟ್ಟಿದವರು, ವೃತ್ತಿಯಿಂದ ವೈದ್ಯೆ. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ಬರೆದರು. ಪತಿ ಕಾದಂಬರಿಕಾರ ನಿರಂಜನ, ಇಬ್ಬರು ಹೆಣ್ಣುಮಕ್ಕಳು. 70ರ ದಶಕದ ಆರಂಭದಲ್ಲಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಅಂಥ ಮನೆಯಲ್ಲಿ ಆಸ್ಪತ್ರೆ, ಆರೈಕೆ, ಬರವಣಿಗೆ ಮೂರೂ ಒಟ್ಟಿಗೆ ನಡೆಯಬೇಕಿತ್ತು. ನಡೆದವು ಕೂಡ.

ಅವರ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಕಾದಂಬರಿಗಳ ಪಕ್ಕದಲ್ಲೇ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳಿವೆ. ಮಕ್ಕಳಿಗಾಗಿ ವರ್ಷದ ಪ್ರತಿ ದಿನಕ್ಕೆ ಒಂದರಂತೆ ಬರೆದ ‘ದಿನಕ್ಕೊಂದು ಕಥೆ’ ಹನ್ನೆರಡು ಸಂಪುಟಗಳಲ್ಲಿದೆ. ವೈದ್ಯೆ ಕಂಡದ್ದು, ತಾಯಿ ಕಂಡದ್ದು, ಲೇಖಕಿ ಬರೆದದ್ದು ಬೇರೆ ಬೇರೆ ಖಾನೆಗಳಲ್ಲಿಲ್ಲ. ಉದ್ಯೋಗ ಅವರ ಬರವಣಿಗೆಯ ಹೊತ್ತನ್ನು ತಿಂದಿರಬೇಕು. ಆದರೆ ಬರವಣಿಗೆಗೆ ಬೇಕಾದದ್ದನ್ನು ಕೊಟ್ಟದ್ದೂ ಅದೇ.

ಇಲ್ಲಿ ನನ್ನ ವಾದಕ್ಕೆ ಬರುತ್ತೇನೆ. ಈ ಲೇಖಕಿಯರು ಮನೆಯನ್ನು ಮರೆತು ಪ್ರೇಮದ ಕಥೆ ಹೇಳಿದವರಲ್ಲ. ಇವರ ಕಾದಂಬರಿಗಳಲ್ಲಿ ಪ್ರೇಮ ಬರುವುದೇ ಮನೆಯ ಲೆಕ್ಕದ ಮೂಲಕ. ‘ಬೆಳ್ಳಿಮೋಡ’ದ ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ಹಣದಲ್ಲಿ ವಿದೇಶದಲ್ಲಿ ಓದುತ್ತಾನೆ. ಆಮೇಲೆ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ, ಮೋಹನನ ಮನಸ್ಸೂ ಬದಲಾಗುತ್ತದೆ. ಕೊನೆಗೆ ಅವನು ಮರಳಿ ಬಂದಾಗ ಇಂದಿರಾ ಒಪ್ಪುವುದಿಲ್ಲ. ಇದನ್ನು ಪ್ರೇಮಭಂಗದ ಕಥೆ ಎಂದಷ್ಟೇ ಓದಿದರೆ ಅರ್ಧ ಓದಿದಂತೆ. ‘ಶರಪಂಜರ’ದ ಕಾವೇರಿಯದೂ ಅಷ್ಟೆ. ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು ಗುಣವಾಗಿ ಬಂದವಳಿಗೆ, ಹಿಂದೆ ಪ್ರೀತಿಸಿದ್ದ ಮನೆಯಲ್ಲೇ ಜಾಗವಿಲ್ಲ. ಒಂದು ಮನೆಯಲ್ಲಿ ಪ್ರೀತಿಗೆ ಬೆಲೆ ಕಟ್ಟುವವರು ಯಾರು, ತೆರುವವರು ಯಾರು ಎಂಬುದು ಆ ಮನೆಯನ್ನು ನಡೆಸಿದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಾಗುವುದು ಕಷ್ಟ.

ಪುಟ್ಟಣ್ಣ ಕಣಗಾಲ್ ಈ ಕಥೆಗಳಿಗೆ ಮರಳಿ ಮರಳಿ ಬಂದದ್ದು ಸುಮ್ಮನೆ ಅಲ್ಲ. 1967ರಲ್ಲಿ ‘ಬೆಳ್ಳಿಮೋಡ’, 1969ರಲ್ಲಿ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, 1971ರಲ್ಲಿ ‘ಶರಪಂಜರ’, 1975ರಲ್ಲಿ ವಾಣಿಯವರ ‘ಶುಭಮಂಗಳ’, 1984ರಲ್ಲಿ ಅನುಪಮಾ ಅವರ ‘ಋಣಮುಕ್ತಳು’. ಕನ್ನಡ ಸಿನಿಮಾದ ಮಹತ್ವದ ಒಂದು ಪರಂಪರೆ ಈ ‘ಬಿಡುವಿನ ವೇಳೆ’ಯ ಮೇಲೆ ನಿಂತಿದೆ.

ಹಾಗೆಂದು ಈ ಚರಿತ್ರೆಯನ್ನು ಬರೀ ಗೆಲುವಿನ ಕಥೆಯಾಗಿ ಬರೆಯಲು ನನಗೆ ಮನಸ್ಸಿಲ್ಲ. ‘ಮನೆಯನ್ನೂ ತೂಗಿಸಿ ಬರೆದರು’ ಎಂದು ಹೊಗಳುವಾಗ, ತೂಗಿಸಲಾಗದೆ ಬಿಟ್ಟವರನ್ನು ನಾವು ಮರೆಯುತ್ತೇವೆ. ಒಂದೆರಡು ಕಥೆ ಬರೆದು ಆಮೇಲೆ ಕಾಣದಾದವರ ಹೆಸರುಗಳು ಹಳೆಯ ಪತ್ರಿಕೆಗಳಲ್ಲಿ ನನಗೆ ಎದುರಾಗುತ್ತಲೇ ಇರುತ್ತವೆ. ಇನ್ನೊಂದು ಮಾತೂ ಇದೆ. ತ್ರಿವೇಣಿ ಬಿ.ಎಂ.ಶ್ರೀ. ಅವರ ಮನೆತನದವರು. ಓದು, ಪುಸ್ತಕ, ಜಾತಿಯ ಅನುಕೂಲ ಈ ಲೇಖಕಿಯರಲ್ಲಿ ಹಲವರಿಗೆ ಇತ್ತು. ಇಂಥ ಮನೆಗಳಲ್ಲಿ ಒಂದು ಗಂಟೆ ಉಳಿದಿದ್ದರೆ, ಪಾತ್ರೆ ತೊಳೆದ, ಮಗುವನ್ನು ಎತ್ತಿಕೊಂಡ ಇನ್ನೊಬ್ಬ ಹೆಂಗಸಿನ ಒಂದು ಗಂಟೆಯೂ ಅದರಲ್ಲಿ ಸೇರಿರಬಹುದು. ನಾನು ಈ ಸಾಲು ಬರೆಯುತ್ತಿರುವ ಹೊತ್ತಿಗೆ ನನ್ನ ಮಗಳು ನನ್ನ ಅತ್ತೆಯವರ ಹತ್ತಿರ ಇದ್ದಾಳೆ. ಅವರ ಹೆಸರು ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಬರುತ್ತದೆ. ಅವರು ಕೊಟ್ಟ ಗಂಟೆಗಳ ಲೆಕ್ಕ ಎಲ್ಲೂ ಬರುವುದಿಲ್ಲ.

ವಿಜಯಾ ದಬ್ಬೆಯವರಂಥ ವಿದ್ವಾಂಸರು ಮಹಿಳಾ ಸಾಹಿತ್ಯವನ್ನು ಚರಿತ್ರೆಯಾಗಿ ನೋಡುವ ದಾರಿ ಹಾಕಿಕೊಟ್ಟರು. ಆ ದಾರಿಯಲ್ಲಿ ನಮ್ಮ ತಲೆಮಾರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಯಾರು ಎಷ್ಟು ಪುಸ್ತಕ ಬರೆದರು ಎಂದು ಪಟ್ಟಿ ಮಾಡುವುದರ ಜೊತೆಗೆ, ಯಾವ ಹೊತ್ತಿನಲ್ಲಿ ಬರೆದರು, ಆಗ ಮನೆಯಲ್ಲಿ ಯಾರಿದ್ದರು, ಒಲೆಯ ಮುಂದೆ ಯಾರಿದ್ದರು ಎಂದು ಕೇಳುವುದು. ಅವರ ಮಕ್ಕಳು, ಸೊಸೆಯಂದಿರು, ನೆರೆಯವರು ಇನ್ನೂ ಇದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಈ ಪ್ರಶ್ನೆಗಳಿಗೆ ಉತ್ತರಿಸುವವರು ಸಿಗಲಿಕ್ಕಿಲ್ಲ.

ಆ ‘ಬೆಳ್ಳಿಮೋಡ’ದ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ಅಂಚಿನ ಹಾಲಿನ ಲೆಕ್ಕವನ್ನು ಮೊದಲು ನೋಡಿದಾಗ, ಪುಸ್ತಕ ಹಾಳುಮಾಡಿದ್ದಾರೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಆ ಓದುಗರಿಗೆ ಲೆಕ್ಕ ಬರೆಯಲು ಬೇರೆ ಕಾಗದ ಕೈಗೆ ಸಿಗದಷ್ಟು ಕಥೆ ಹತ್ತಿರವಿತ್ತು, ಹಾಲಿನವನೂ ಹತ್ತಿರವಿದ್ದ. ಬರೆದವರ ಮೇಜೂ ಹೆಚ್ಚುಕಡಿಮೆ ಹಾಗೆಯೇ ಇದ್ದಿರಬೇಕು.